ಅಕ್ಕನ ಪಿಸುಮಾತಿಗೊಂದು ಮ್ಯೂಟ್

ತೊಟ್ಟಿಲ ಶಾಸ್ತ್ರಕ್ಕೆ ಆಧಾರ ಏನು ಎಂದು ಮನೆಮಂದಿಯನ್ನೆಲ್ಲ ಕೇಳಿದವಳು ನಾನೇ. ಚರ್ಚಾಸ್ಪರ್ಧೆಯ ಚಟ, ಊಟಕ್ಕೆ ಕೂತರೂ ಬಿಡುವುದಿಲ್ಲ. ಅಂಥವಳು ಅಣ್ಣನ ಮಗಳ ತೊಟ್ಟಿಲಿಗೆಂದು ಹೊಸಪೇಟೆಯಿಂದ ಸಂಡೂರಿಗೆ, ಅತ್ತಿಗೆಯ ತವರಿಗೆ, ಲ್ಯಾಪ್‌ಟಾಪು, ಕ್ಯಾಮೆರಾ, ಕಾಲರ್ ಮೈಕು ಹೊತ್ತುಕೊಂಡು ಹೋದೆ. ಕಾರಣ ಅಕ್ಕ.

ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕಾದವಳು ಸೋದರತ್ತೆ. ಅಲ್ಲಿಯವರೆಗೆ ಅದು ಬೇರೆಯವರಿಗೆ ಗೊತ್ತಾಗಬಾರದು. ಹೆಸರು ಆರಿಸಿಟ್ಟವಳು ಅಕ್ಕ. ಆದರೆ ಅವಳು ಬಸುರಿ, ಕಂಪ್ಲಿಯಲ್ಲಿ ಗಂಡನ ಮನೆಯಲ್ಲಿದ್ದಳು. ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು ಡಾಕ್ಟರು.

"ನೀನೂ ಸೋದರತ್ತಿನ ಅಲ್ಲೇನ? ನೀನ ಒಂದು ಹೆಸರು ಹೇಳಿಬಿಡು," ಅಂದಳು ಅವ್ವ. "ಶಾಸ್ತ್ರ ಸುಳ್ಳಂತೀ. ಸುಳ್ಳಂದ ಮ್ಯಾಲೆ ಯಾರು ಹೇಳಿದ್ರೇನು?"

ನನ್ನ ವಾದವನ್ನೇ ನನ್ನ ಮೇಲೆ ತಿರುಗಿಸಿದ್ದಳು. ಶಾಸ್ತ್ರ ಸುಳ್ಳಿರಬಹುದು, ಅಕ್ಕನ ಆಸೆ ಸುಳ್ಳಲ್ಲವಲ್ಲ. ನಾನು ಸ್ಪರ್ಧೆಗೆ ಹೋದ ಊರಿಗೆಲ್ಲ ಬಸ್ಸಿನಲ್ಲಿ ಜೊತೆಗೆ ಬಂದವಳು, ಸೋತಾಗಲೂ ಎದ್ದು ನಿಂತು ಚಪ್ಪಾಳೆ ತಟ್ಟಿದವಳು ಅವಳು. ಅವಳ ಸರದಿಯನ್ನು ನಾನು ಕಿತ್ತುಕೊಳ್ಳುವುದೇ?

ಅಕ್ಕ ಮಲಗಿದಲ್ಲಿಂದಲೇ ಶಾಸ್ತ್ರ ನೋಡಿ ಹೆಸರು ಉಸುರಲೆಂದು ಕ್ಯಾಮೆರಾದ ಕೇಬಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೇರಪ್ರಸಾರದ ಸಾಫ್ಟ್‌ವೇರ್ ತೆರೆದೆ. ಚಿತ್ರವೇನೋ ಬಂತು. ಕಾಲರ್ ಮೈಕನ್ನು ಎಷ್ಟು ತಟ್ಟಿದರೂ ಧ್ವನಿಯ ಹಸಿರು ಗೆರೆ ಅಲುಗಲಿಲ್ಲ. ನೋಡಿದರೆ ಲ್ಯಾಪ್‌ಟಾಪಿನ ಸ್ವಂತ ಮೈಕೇ ಆಯ್ಕೆಯಾಗಿ ಕೂತಿತ್ತು. ಬದಲಾಯಿಸಿದೆ, ಗೆರೆ ಕುಣಿಯಿತು. ಅಕ್ಕನ ದನಿ ಈ ಕಡೆ ಬರಲು ಅದೇ ಲ್ಯಾಪ್‌ಟಾಪಿನಲ್ಲಿ ಕರೆ ಮಾಡಿ ಇಯರ್‌ಫೋನ್ ಹಾಕಿಕೊಂಡೆ.

"ಏನಾರ ಮಾತಾಡು," ಅಂದೆ.

"ನಮ್ಮತ್ತಿ ಸಾರಿಗೆ ಉಪ್ಪ ಹಾಕಿಲ್ಲಲೇ," ಪಿಸುಗುಟ್ಟಿದಳು.

ತುಸು ಹೊತ್ತಿಗೆ, ನಮ್ಮ ಪ್ರಸಾರ ಹಚ್ಚಿಟ್ಟಿದ್ದ ಕಂಪ್ಲಿಯ ಟಿವಿಯಲ್ಲಿ, ಆ ಅತ್ತೆಯ ಎದುರಿಗೇ ಅದೇ ಮಾತು ಮೊಳಗಿತು. ಕಂಪ್ಯೂಟರಿನ ಒಳಗಿನ ಸದ್ದನ್ನೂ ಸಾಫ್ಟ್‌ವೇರ್ ಹಿಡಿದು ಕಳಿಸುತ್ತಿತ್ತು.

"ಉಪ್ಪು ಬ್ಯಾಡಂದಾಕಿ ಡಾಕ್ಟರಮ್ಮ, ನಾನಲ್ಲ!" ಅತ್ತೆಯ ದನಿ ನನಗೂ ಕೇಳಿತು.

ಸಾರಿನ ಬದಲು ಹೆಸರಾಗಿದ್ದರೆ? ತಕ್ಷಣ ಒಳಗಿನ ಸದ್ದನ್ನು ಮ್ಯೂಟ್ ಮಾಡಿದೆ. ಈ ಗುಟ್ಟನ್ನು ಮೂಢನಂಬಿಕೆ ಎಂದಿದ್ದವಳು ಮತ್ತೆ ಮತ್ತೆ ಪರೀಕ್ಷಿಸಿ ನೋಡಿದೆ.

ಶಾಸ್ತ್ರದ ಹೊತ್ತಿಗೆ ತೊಟ್ಟಿಲ ಮೇಲೆ ಬಗ್ಗಿ, ಇಯರ್‌ಫೋನನ್ನು ಕೂಸಿನ ಕಿವಿಯ ಬಳಿ ಹಿಡಿದೆ. ಅಕ್ಕ ಅಂದದ್ದು ನನಗೂ ಕೇಳಲಿಲ್ಲ. ಕೂಸು ಆಕಳಿಸಿತು. ಅಷ್ಟರಲ್ಲಿ ನನ್ನ ಬೆನ್ನಿಗೆ ಗುದ್ದು ಬಿತ್ತು. ಹೆಸರಿಟ್ಟವಳಿಗೆ ಹೆಂಗಸರು ಗುದ್ದುವುದು ರೂಢಿ.

"ಹೆಸರಿಟ್ಟಾಕಿ ನಾನಲ್ರಿ, ಅಕ್ಕ! ಇದಕ್ಕೇನರ ತರ್ಕ ಐತೇನ್ರಿ?"

"ಆಕೀ ಬೆನ್ನು ಕಂಪ್ಲ್ಯಾಗ ಐತಿ, ನಿಂದು ಇಲ್ಲೇ ಐತಿ," ಅಂದರು ಅತ್ತಿಗೆಯ ತಾಯಿ, ಇನ್ನೊಂದು ಕೊಡುತ್ತ.



ಇಯರ್‌ಫೋನನ್ನು ನನ್ನ ಕಿವಿಗಿಟ್ಟುಕೊಂಡೆ. "ಗುದ್ದೋದು ಯಾವಾಗಲೇ?" ಅಕ್ಕ ಅವಸರ ಮಾಡುತ್ತಿದ್ದಳು. ಪ್ರಸಾರ ತುಸು ತಡವಾಗಿ ಮುಟ್ಟುತ್ತಿದ್ದರಿಂದ ಅವಳ ಟಿವಿಗೆ ಗುದ್ದು ಇನ್ನೂ ತಲುಪಿರಲಿಲ್ಲ. ಬೆನ್ನು ಉಜ್ಜಿಕೊಳ್ಳುತ್ತ ಕಾದೆ. ಆಮೇಲೆ ನಕ್ಕಳು ನೋಡಿ! ಹಾಸಿಗೆ ಹಿಡಿದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆ ನಗುವಿಗೆ ಇನ್ನೂ ನಾಲ್ಕು ಗುದ್ದು ತಿಂದೇನು.

ಲ್ಯಾಪ್‌ಟಾಪಿನಿಂದ ಇಯರ್‌ಫೋನ್ ಕಿತ್ತೆ, ಮ್ಯೂಟ್ ತೆಗೆದೆ.

"ಈಗ ಜೋರಾಗಿ ಹೇಳಕ್ಕ," ಅಂದೆ.

ಎರಡೂ ಮನೆಗೆ ಕೇಳುವಂತೆ ಅವಳೇ ಹೇಳಿದಳು.