ಕಡಲೆ ಎಲೆಯ ಮೇಲಿನ ಹನಿ

ಕಡಲೆ ಗಿಡದ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಒಂದೊಂದರ ತುದಿಯಲ್ಲೂ ಹುಳಿಯ ಒಂದು ಹನಿ. ಶಲವಡಿಯ ನಮ್ಮ ಹೊಲದಲ್ಲಿ ಬೆಳಗ್ಗೆ ಓಡಾಡಿದರೆ ಕಾಲು ಉರಿಯುತ್ತಿದ್ದುದು ಆ ಹುಳಿಗೇ. ಧಾರವಾಡದಲ್ಲಿ ಸಂಶೋಧನೆಗೆ ಸೇರಿದಾಗ ನಾನು ಆರಿಸಿಕೊಂಡ ವಿಷಯವೂ ಅದೇ: ಹುಳ ಬೀಳದ ತಳಿಗಳಲ್ಲಿ ಆ ರೋಮ, ಆ ಹನಿ ಹೇಗಿರುತ್ತವೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದು.

ನೋಡಲು ಹೋದರೆ ಹನಿಯೇ ಇಲ್ಲ. ಆ ಯಂತ್ರದೊಳಗೆ ಗಾಳಿ ಇರುವುದಿಲ್ಲ; ಹಸಿ ಎಲೆ ಇಟ್ಟರೆ ನೀರೆಲ್ಲ ಆರಿ ಮುದುಡಿಹೋಗುತ್ತದೆ. ಅದಕ್ಕೇ ಎಲೆಯನ್ನು ಮೊದಲೇ ರಾಸಾಯನಿಕಗಳಲ್ಲಿ ನೆನೆಸಿ ಒಣಗಿಸುತ್ತಿದ್ದೆವು. ಹುಳಿ ಅಲ್ಲೇ ತೊಳೆದುಹೋಗುತ್ತಿತ್ತು, ರೋಮಗಳು ಬಾಡಿ ಮಲಗಿರುತ್ತಿದ್ದವು. ಒಂದು ವರ್ಷ ಬರೀ ಅಂಥವೇ ಚಿತ್ರ. ನನ್ನ ಕೈಯಲ್ಲೇ ದೋಷವಿದೆ ಎಂದು ನಂಬತೊಡಗಿದ್ದೆ.

ಎಲೆಯನ್ನು ನೀರಿನ ಸಮೇತ ಹೆಪ್ಪುಗಟ್ಟಿಸಿ ನೋಡುವ ಯಂತ್ರ ಧಾರವಾಡದಲ್ಲೇ ಬೇರೊಂದು ಪ್ರಯೋಗಾಲಯದಲ್ಲಿತ್ತು. ನನ್ನ ಮಾರ್ಗದರ್ಶಕಿ ಅಲ್ಲಿ ಅರ್ಧ ದಿನ ಕೊಡಿಸಿದರು. ಹುಳ ಬೀಳದ ಒಂದು ತಳಿ ನಮ್ಮ ಹೊಲದಲ್ಲೂ ಇತ್ತು; ಹಿಂದಿನ ದಿನವೇ ಊರಿಗೆ ಹೋದೆ. ಬೆಳಗ್ಗೆ ಎಲೆ ಕಿತ್ತು ಡಬ್ಬಿಗೆ ಹಾಕುತ್ತಿದ್ದಾಗ ಅವ್ವ ತಡೆದಳು.

"ಹುಚ್ಚಿ, ಧಾರವಾಡ ಮುಟ್ಟೂದ್ರಾಗ ಬಾಡತಾವು. ಮಣ್ಣ ಸಮೇತ ಗಿಡಾನ ಒಯ್ಯೂಣು."

"ಬಸ್ಸಿನಾಗ ಹೆಂಗ ಒಯ್ಯೂದ ಬೇ?"

"ನಾ ಬರ್ತೇನಿ ನಿನ್ನ ಜೋಡಿ."

ಎರೆಮಣ್ಣಿನ ಹೆಂಟೆಯೊಡನೆ ಗಿಡವನ್ನು ಬಕೆಟ್ಟಿನಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡೇ ಅವಳು ಎರಡು ಬಸ್ಸು ಬದಲಿಸಿದಳು. ಪಕ್ಕದ ಹೆಂಗಸು ಕುಡಿ ಚಿವುಟಲು ಕೈ ಚಾಚಿದಾಗ, "ಮುಟ್ಟಬ್ಯಾಡ್ರಿ, ಪರೀಕ್ಷಾಕ್ಕ ಹೊಂಟೈತಿ," ಎಂದಳು.

ಯಂತ್ರ ನಡೆಸುವವರು ಮಾತು ಕಡಿಮೆಯ, ನಡುವಯಸ್ಸಿನ ಮನುಷ್ಯ. ಮೊದಲ ಎಲೆಯನ್ನು ಹೊಗೆಯಾಡುವ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಒಳಗಿಟ್ಟರು. ಪರದೆಯ ತುಂಬ ಬರೀ ಹಿಮದ ಹರಳು.

"ಒಳಗ ಇಡೂಮುಂದ ಗಾಳ್ಯಾಗಿನ ತ್ಯಾವ ಹತ್ತೈತ್ರಿ. ಇನ್ನೊಂದ ಎಲಿ ಐತೇನ್ರಿ?" ಎಂದರು.

ಬಾಗಿಲ ಬಳಿ ನಿಂತಿದ್ದ ಅವ್ವನೇ ಉತ್ತರಿಸಿದಳು: "ಇಡೀ ಗಿಡಾನ ತಂದೀವ್ರಿ."

ಎರಡನೆಯ ಎಲೆಯ ಮೇಲೂ ತೆಳುವಾಗಿ ಹಿಮ ಕೂತಿತ್ತು. ಅವರು ಚಳಿಯನ್ನು ತುಸುವೇ ತಗ್ಗಿಸಿ ಕಾದರು. ಮೇಲಿನ ಹಿಮವಷ್ಟೇ ಮೆಲ್ಲಗೆ ಆವಿಯಾಗಿ ಹಾರಿಹೋಯಿತು. ಅದರಡಿಯಿಂದ ರೋಮಗಳು ಒಂದೊಂದಾಗಿ ಕಾಣಿಸಿಕೊಂಡವು. ಒಂದೂ ಬಾಗಿರಲಿಲ್ಲ. ತುದಿಯಲ್ಲಿ ಗುಂಡಗೆ, ನಿಂತಲ್ಲೇ ನಿಂತ ಹನಿ.

ನಾನು ಸಿಕ್ಕ ಕುರ್ಚಿಯ ಮೇಲೆ ಕೂತುಬಿಟ್ಟೆ. ಗಿಡದ್ದೂ ತಪ್ಪಿರಲಿಲ್ಲ, ನನ್ನ ಕೈಯದ್ದೂ ತಪ್ಪಿರಲಿಲ್ಲ. ಒಣಗಿಸಿದ್ದೇ ತಪ್ಪಾಗಿತ್ತು. ಅಳು ಬಂತು, ತಡೆಯಲಿಲ್ಲ.

ಅವ್ವ ಪರದೆಯ ಹತ್ತಿರ ಬಂದಳು. "ಹಸರ ಎಲ್ಲಿ ಹೋತ್ರಿ?"

"ಇದರಾಗ ಬಣ್ಣ ಕಾಣಂಗಿಲ್ರಿ ಅವ್ವಾರ, ಆಕಾರ ಅಷ್ಟ," ಎಂದು ಅವರು ಮೊದಲ ಸಲ ನಕ್ಕರು.

ಸಂಜೆಯವರೆಗೆ ಚಿತ್ರ ತೆಗೆದೆವು. ಹೊರಗೆ ಬಂದ ಮೇಲೆಯೇ ಹಸಿವು ಗೊತ್ತಾದದ್ದು. ಗೇಟಿನೆದುರಿನ ಅಂಗಡಿಯಲ್ಲಿ ಅವ್ವ, ನಾನು ಗಿರ್ಮಿಟ್ಟು, ಮಿರ್ಚಿ ತಿಂದೆವು. ಎಷ್ಟೋ ತಿಂಗಳ ಮೇಲೆ ತಿಂದದ್ದರ ರುಚಿ ನಾಲಿಗೆಗೆ ಹತ್ತಿತ್ತು. ಇನ್ನೊಂದು ಪ್ಲೇಟು ಹೇಳಿದೆ.