ಏಣಿ ತೆಗೆದಿಟ್ಟ ಮಧ್ಯಾಹ್ನ

ಮಜ್ಜಿಗೆಯ ತಂಬಿಗೆ ಹಿಡಿದು ಪಕ್ಕದ ಮನೆಯ ಶಾಂತಕ್ಕ ನಮ್ಮ ಏಣಿ ಹತ್ತುವುದನ್ನು ಕಂಡು ನನ್ನ ಮೈಯೆಲ್ಲ ಉರಿಯಿತು. ಯುದ್ಧದ ದಿನಗಳು, ಆಳು ಸಿಕ್ಕಿರಲಿಲ್ಲ. ಮಳೆಗಾಲ ಶುರುವಾಗುವುದರೊಳಗೆ ಸೋರುವ ಮಾಳಿಗೆಗೆ ಹೊಸ ಮಣ್ಣು ಹಾಕಲೇಬೇಕೆಂದು ನಮ್ಮ ಯಜಮಾನರು ನಮ್ಮೂರು ಉಣಕಲ್ಲಿನ ಆ ಸುಡುಬಿಸಿಲಿನಲ್ಲಿ ಮೇಲೆ ಒಬ್ಬರೇ ದುಡಿಯುತ್ತಿದ್ದರು.

“ಹೊಟ್ಟಿ ತಂಪಾತ ನೋಡ್ರಿ, ಶಾಂತಕ್ಕಾರ,” ಎಂದು ಅವರು ನಕ್ಕದ್ದು ಕೆಳಗಿದ್ದ ನನಗೆ ಕೇಳಿಸಿತು. ಬೆಳಿಗ್ಗೆ ನಾನು ಕೊಟ್ಟ ಮಜ್ಜಿಗೆಯನ್ನು ಮಾತಿಲ್ಲದೆ ಕುಡಿದಿದ್ದರು.

ಆಕೆ ಇಳಿದುಹೋದ ಕೂಡಲೇ ಏಣಿಯನ್ನು ಹಿತ್ತಲಿಗೆ ಒಯ್ದಿಟ್ಟೆ, ಇನ್ನೊಮ್ಮೆ ಹೇಗೆ ಹತ್ತುತ್ತಾಳೋ ನೋಡೋಣವೆಂದು. ಸ್ವಲ್ಪ ಹೊತ್ತಿಗೆ ಯಜಮಾನರು ಇಳಿಯಲು ಏಣಿ ಕೇಳಿ ಎರಡು ಸಲ ಕೂಗಿದರು. ಕೇಳಿಸದವಳಂತೆ ಒಲೆಯ ಮುಂದೆ ಕುಳಿತೆ. ಮೂರನೆಯ ಕೂಗು ಬರಲಿಲ್ಲ.

ಹೊರಗೋಡಿದಾಗ ಮಾಳಿಗೆಯ ಅಂಚಿನಲ್ಲಿ ಅವರ ಕೈ ಜೋತುಬಿದ್ದಿತ್ತು. ಶಾಂತಕ್ಕ ತನ್ನ ಮನೆಯ ಏಣಿ ತಂದು ಗೋಡೆಗೆ ಆನಿಸುತ್ತಿದ್ದಳು. ನೀರಿನ ತಂಬಿಗೆಯನ್ನು ನನ್ನ ಕೈಗಿಟ್ಟು ಅಂದಳು: “ಏಣಿ ನಾ ಹಿಡಿತೇನಿ, ನೀ ಲಗೂ ಹತ್ತ ತಂಗಿ. ಕಣ್ಣ ತೆರದಾಗ ಅವರಿಗೆ ನಿನ್ನ ಮುಖಾ ಕಾಣಬೇಕು.”

ಅವರು ಚೇತರಿಸಿಕೊಂಡರು. ಏಣಿ ತೆಗೆದಿಟ್ಟದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಹೊಟ್ಟೆಕಿಚ್ಚೂ ಹೋಗಲಿಲ್ಲ, ಇಂದಿಗೂ ಇದೆ, ಆದರೆ ಈಗ ಅದು ಶಾಂತಕ್ಕನ ಆ ದೊಡ್ಡ ಮನಸ್ಸಿನ ಮೇಲೆ.