ಸಾವಿನ ಹಾಳೆ ಹರಿದ ಮಹಾಪುರುಷರು

ಹೋಳೂರಿನ ನಮ್ಮ ಮನೆಯ ಜಗುಲಿಯಲ್ಲಿ ಆ ಮಧ್ಯಾಹ್ನ ಇದ್ದವರು ಇಷ್ಟು: ಚಾಪೆಯ ಮೇಲೆ ವಿಷಮಶೀತ ಜ್ವರದಲ್ಲಿ ಬೇಯುತ್ತಿದ್ದ ನನ್ನ ತಂಗಿ, ಅವಳ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದ ಅಜ್ಜಿ, ಪಕ್ಕದ ಮನೆಯ ಬಳೆಗಾರರ ಬೀಬಿ, ಶಾಲೆಯಿಂದ ಪುಸ್ತಕ ತಂದಿದ್ದ ನಾನು. ಅಮ್ಮ ಒಳಗೆ. ನಡುಮನೆಯ ತುಂಬ ರೇಷ್ಮೆಹುಳುವಿನ ತಟ್ಟೆಗಳು. ಪೊರೆ ಬಿಡುವ ಮುನ್ನ ಹುಳುಗಳು ಮೇವು ಬಿಟ್ಟು ಮಲಗುವುದಕ್ಕೂ ನಮ್ಮಲ್ಲಿ ಜ್ವರವೆಂದೇ ಹೆಸರು; ಕೊನೆಯ ಜ್ವರ ಮುಗಿಸಿ ಅವು ಎದ್ದಿದ್ದವು. ಸೊಪ್ಪು ಸುರಿದಷ್ಟೂ ಸಾಲದು.

"ಹುಳಕ್ಕೆ ಜ್ವರ ಬಿಡ್ತು, ನನ್ನ ಕೂಸಿಗೆ ಬಿಡ್ಲಿಲ್ವಲ್ಲ ತಲ್ಲೀ" ಎಂದು ಅಜ್ಜಿ ಊರ ದೇವಿಯನ್ನು ಕರೆದು ಗೊಣಗುತ್ತಲೇ ಇದ್ದಳು.

ಗಂಜಿನೀರು ಒಳಗೆ ಹೋಗುತ್ತಿದ್ದರೆ ಹುಡುಗಿ ಬದುಕುತ್ತಾಳೆ, ನಿಂತರೆ ತನ್ನನ್ನು ಕೇಳಬೇಡಿ ಎಂದು ಕಾಂಪೌಂಡರು ಹೇಳಿ ಹೋಗಿದ್ದರು. ತಂಗಿಯೋ ಹಲ್ಲು ಕಚ್ಚಿಬಿಡುತ್ತಿದ್ದಳು. ಕಥೆ ಓದಿದರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ನನ್ನ ಕೈಯಲ್ಲಿದ್ದದ್ದು ಮಕ್ಕಳಿಗಾಗಿ ಬರೆದ ಮಹಾಪುರುಷರ ಜೀವನಚರಿತ್ರೆ. ಒಬ್ಬ ರಾಜನ ಯುದ್ಧವೆಲ್ಲ ಮುಗಿದು, 'ಕೊನೆಯುಸಿರೆಳೆದನು' ಎಂಬಲ್ಲಿಗೆ ಬಂದೆ.

"ಥೂ, ಮುಚ್ಚೇ ಬಾಯಿ! ಜ್ವರದ ಮಗು ಮುಂದೆ ಸಾವಿನ ಮಾತಾ?"

"ಇದ್ರಲ್ಲಿ ಎಲ್ರೂ ಸಾಯ್ತಾರೆ ಕಣಜ್ಜೀ."

"ಸಾಯೋರು ಅದೆಂಥಾ ದೊಡ್ಡೋರೇ?"

ಬೀಬಿ ನಕ್ಕರು. "ಸಾಯ್ದೆ ಇದ್ರೆ ಯಾರು ಬರೀತಿದ್ರು ಅಮ್ಮಾ? ಹೋದೋರನ್ನೇ ಅಲ್ವಾ ಎಲ್ರೂ ಹೊಗಳೋದು!"

ಅಜ್ಜಿ ನಗಲಿಲ್ಲ. ನಮ್ಮ ಕಡೆ ಸಾವಿನ ಸುದ್ದಿ ಹೊತ್ತ ಕಾರ್ಡು ಬಂದರೆ ಓದಿದ ಕೂಡಲೇ ಹರಿದು ಹಾಕುತ್ತಾರೆ. ಅದು ಮನೆಯೊಳಗೆ ಉಳಿಯಬಾರದು. ಅಜ್ಜಿಗೆ ಈ ಹಾಳೆಯೂ ಅಂಥ ಕಾರ್ಡೇ. ಒಬ್ಬೊಬ್ಬರ ಸಾವು ಎಲ್ಲಿದೆಯೆಂದು ನನ್ನಿಂದಲೇ ತೋರಿಸಿಕೊಂಡು, ಹಾಳೆ ಹಾಳೆಯಾಗಿ ಹರಿದು ಒಲೆಗೆ ಹಾಕಿದಳು.

ಹಾಳೆಗೆ ಇನ್ನೊಂದು ಮುಖ ಇದೆಯೆಂಬುದು ಓದು ಬಾರದ ಅಜ್ಜಿಗೆ ಹೊಳೆಯಲಿಲ್ಲ. ಗಾಬರಿಯಲ್ಲಿ ನನಗೂ ಹೊಳೆಯಲಿಲ್ಲ. ಒಬ್ಬರ ಸಾವಿನ ಬೆನ್ನಿಗೇ ಮುಂದಿನವರ ಹುಟ್ಟು ಅಚ್ಚಾಗಿತ್ತು. ಕೋಟೆ ಕಾದ ರಾಣಿಯೊಬ್ಬಳು ಹುಟ್ಟದೆಯೇ ಕುದುರೆ ಏರಿಬಿಟ್ಟಳು.

"ಇವಳ ಅಮ್ಮ ಯಾರಕ್ಕಾ?" ತಂಗಿ ಕೇಳಿದಳು.

"ಹುತ್ತೂರಿನೋಳು ಕಣೇ. ಹಿಪ್ಪುನೇರಳೆ ಸೊಪ್ಪು ಕೊಯ್ತಿದ್ಲು. ಮಗಳಿಗೆ ದಿನಾ ಗಂಜಿ ಕುಡಿಸ್ತಿದ್ಲು."

"ಕುಡೀತಿದ್ಲಾ?"

"ಗಟಗಟ ಅಂತ."

ತಂಗಿ ಎರಡು ಗುಟುಕು ಕುಡಿದಳು. ಅಂದಿನಿಂದ ರಾಜರು, ಸಾಧುಗಳು, ಕವಿಗಳು, ಎಲ್ಲರಿಗೂ ನಮ್ಮ ಸುತ್ತಿನ ಹಳ್ಳಿಗಳಲ್ಲೇ ತಾಯಂದಿರನ್ನು ಹುಡುಕಿಕೊಟ್ಟೆ. ಎಲ್ಲರೂ ಗಂಜಿ ಕುಡಿದೇ ದೊಡ್ಡವರಾದರು.

ಆಮೇಲೆ ಒಂದು ದಿನ ಅವಳು ಏನನ್ನೂ ಕೇಳಲಿಲ್ಲ. ಓದಿದೆ, ಕಣ್ಣು ನನ್ನ ಬಾಯಿಯ ಮೇಲೇ ಇತ್ತು, ತುಟಿ ಬಿಚ್ಚಲಿಲ್ಲ. ಚಮಚದ ಗಂಜಿ ಕೆನ್ನೆಯ ಮೇಲೆ ಹರಿಯಿತು.

"ಜೋರಾಗಿ ಓದೇ, ನಿನ್ ಗಂಟಲಿಗೇನ್ ಬಂತು!" ಅಜ್ಜಿ ಕಿರುಚಿದಳು.

ನಾನು ಅಳುತ್ತಲೇ ಕೂಗಿ ಓದಿದೆ. ಬೀಬಿ ತಂಗಿಯ ಪಾದ ಉಜ್ಜುತ್ತ "ಯಾ ಅಲ್ಲಾ, ಬಚ್ಚೀಕು ಬಚಾ" ಎಂದು ಮಗುವಿನ ಜೀವ ಬೇಡಿಕೊಂಡರು. ಅಮ್ಮ ಸೊಪ್ಪಿನ ಕೈಯಲ್ಲೇ ಹೊರಗೆ ಬಂದಳು.

"ಹುಳಕ್ಕೆ ಸೊಪ್ಪು ಹಾಕಿದ್ಯೇನೇ?" ಅಜ್ಜಿ ಕೇಳಿದಳು.

"ಸಾಯ್ಲಿ ಅತ್ತೆ ಅವು" ಎಂದು ಅಮ್ಮ ತಂಗಿಯನ್ನು ತೊಡೆಗೆ ಎಳೆದುಕೊಂಡು, ಬೆರಳಿಂದ ಹಲ್ಲು ಬಿಡಿಸಿ, ಹನಿ ಹನಿಯಾಗಿ ಗಂಜಿ ಬಿಟ್ಟಳು. ಕತ್ತಲಾಗುವವರೆಗೂ ಬಿಡುತ್ತಲೇ ಇದ್ದಳು. ಮರುದಿನವೂ ಅಷ್ಟೇ. ಒಳಗೆ ಹಸಿದ ಹುಳುಗಳು ತಟ್ಟೆ ದಾಟಿ ಗೋಡೆ ಹತ್ತುತ್ತಿದ್ದವು.

ಕೊನೆಗೊಂದು ಬೆಳಿಗ್ಗೆ ತಂಗಿಯ ಮೈ ಬೆವೆತು ತಣ್ಣಗಾಯಿತು. ಅವಳೇ ಅನ್ನ ಕೇಳಿದಳು. ಅಜ್ಜಿ ಸೆರಗು ಮುಖಕ್ಕೊತ್ತಿ ಅತ್ತಳು. ನಾನು ಹಿಂದಿನಿಂದ ಕೂಗಿದೆ, ತಂಗಿ ತಿರುಗಲಿಲ್ಲ. ಮತ್ತೆ ಕೂಗಿದೆ.

ಆ ಬೇಸಿಗೆಯಲ್ಲಿ ಅಪ್ಪ ಅವಳನ್ನು ಗಾಡಿಯಲ್ಲಿ ಕೋಲಾರಕ್ಕೆ ಕರೆದೊಯ್ದರು. ಡಾಕ್ಟರು ಅವಳ ಕಿವಿಯ ಪಕ್ಕದಲ್ಲೇ ಕಂಚಿನ ಗಂಟೆ ಬಾರಿಸಿದರು. ತಂಗಿ ಕಿಟಕಿಯಾಚೆ ಜಟಕಾ ಕುದುರೆಯನ್ನು ನೋಡುತ್ತ ಕೂತಿದ್ದಳು.